ತಿಂಗಳಿಗೆ ಎರಡು ಸ್ಫೂರ್ತಿ, ತಪ್ಪಿದರೆ ದಂಡ

ಆ ಸುತ್ತೋಲೆ ನಿಮಗೂ ವಾಟ್ಸಾಪ್‌ನಲ್ಲಿ ಬಂದಿರುತ್ತದೆ. ಹಾಸನದಲ್ಲಂತೂ ಅದು ಬರದ ಗುಂಪಿಲ್ಲ. ನಮ್ಮೂರ ಇಂಜಿನಿಯರಿಂಗ್ ಕಾಲೇಜೊಂದರ ಪ್ಲೇಸ್‌ಮೆಂಟ್ ವಿಭಾಗ ಹೊರಡಿಸಿದ್ದು. ಕಂಪ್ಯೂಟರ್ ಸೈನ್ಸ್ ಅಂತಿಮ ವರ್ಷದ ಪ್ರತಿಯೊಬ್ಬರೂ ಸ್ವಂತ ಬ್ಲಾಗ್ ಶುರು ಮಾಡತಕ್ಕದ್ದು. ತಿಂಗಳಿಗೆ ಎರಡು ಲೇಖನ ಹಾಕತಕ್ಕದ್ದು. ತಪ್ಪಿದವರನ್ನು ಕ್ಯಾಂಪಸ್ ಸಂದರ್ಶನಕ್ಕೆ ಕೂರಿಸಲಾಗುವುದಿಲ್ಲ. ಕೆಳಗೆ ಸೀಲು, ಸಹಿ.

ಎಂಥ ದೂರದೃಷ್ಟಿ ನೋಡಿ! ಸಾಹಿತ್ಯ ಪರಿಷತ್ತು 1915ರಿಂದ ಇದೆ. ಸಮ್ಮೇಳನ ಮಾಡಿ, ಊಟ ಹಾಕಿ, ಪೇಟ ತೊಡಿಸಿದರೂ ಒಂದೇ ಏಟಿಗೆ ಇಷ್ಟು ಬರಹಗಾರರನ್ನು ಹುಟ್ಟಿಸುವುದು ಅದರ ಕೈಲಾಗಲಿಲ್ಲ. ಇಲ್ಲಿ ಒಂದು ರಬ್ಬರ್ ಸ್ಟ್ಯಾಂಪಿನಲ್ಲಿ ಆಗಿಹೋಯಿತು. ಮುಂಚೆ ಹಾಜರಾತಿ ಕಡಿಮೆಯಾದರೆ ದಂಡ ಇತ್ತು, ಈಗ ಸ್ಫೂರ್ತಿ ಕಡಿಮೆಯಾದರೂ ದಂಡ. ಪದವಿಗೆ ಬೇಕಾದ 100 ಆಕ್ಟಿವಿಟಿ ಪಾಯಿಂಟ್‌ಗಾಗಿ ಈ ಮಕ್ಕಳು ಆಗಲೇ ಗಿಡ ನೆಟ್ಟಿದ್ದಾರೆ, ಕೆರೆ ಏರಿ ಗುಡಿಸಿದ್ದಾರೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ. ಗಿಡ ಒಂದೇ, ಬ್ಯಾಚು ಮಾತ್ರ ಬೇರೆ ಬೇರೆ.

ನಮ್ಮಕ್ಕನ ಮಗ ಈ ಯೋಜನೆಯ ಫಲಾನುಭವಿ. "ಮಾವ, ಬ್ಲಾಗಿಗೆ ಡೊಮೈನ್ ತಗೋಬೇಕು, ನಿಮ್ಮ ಕಾರ್ಡ್ ಕೊಡಿ" ಅಂದ. ಕೊಟ್ಟೆ. ಡೊಮೈನ್ ಅಂದರೆ ಬ್ಲಾಗಿನ ವೆಬ್ ವಿಳಾಸ; ಮೊದಲ ವರ್ಷಕ್ಕೆ ಎರಡು ಮಸಾಲೆದೋಸೆಯ ದುಡ್ಡು. ಎರಡನೇ ವರ್ಷದ ದರ ಸಣ್ಣ ಅಕ್ಷರದಲ್ಲಿ ಕೆಳಗಿತ್ತು, ಅದು ಮದುವೆಮನೆ ಮುಯ್ಯಿನ ಲೆಕ್ಕದಲ್ಲಿತ್ತು. "ಏನು ಬರೀತೀಯೋ?" ಅಂತ ಕೇಳಿದೆ. "ಅದು ಆಮೇಲೆ ಮಾವ, ಮೊದಲು ಸ್ಟ್ಯಾಕ್, ಅಂದ್ರೆ ಯಾವ್ಯಾವ ತಂತ್ರಾಂಶದಲ್ಲಿ ಕಟ್ಟೋದು ಅಂತ, ಡಿಸೈಡ್ ಆಗಲಿ" ಅಂದ.

ಡೆವಲಪರ್‌ಗಳ ಜಾತಿಯೇ ಹಾಗೆ. ಅವರಿಗೆ ಬ್ಲಾಗ್ ಬರೆಯೋದು ಬೇಡ, ಕಟ್ಟೋದು ಬೇಕು. ಪ್ರೋಗ್ರಾಂಗಳನ್ನು ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ 2008ರಲ್ಲಿ ಜೆಕಿಲ್ ಎಂಬ ತಂತ್ರಾಂಶ ಮಾಡಿದರು. ದೊಡ್ಡ ದೊಡ್ಡ ಬ್ಲಾಗ್ ವ್ಯವಸ್ಥೆಗಳ ರಗಳೆ ಬೇಡ, ಸುಮ್ನೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಟ್ಟರೆ ಪುಟ ತಾನಾಗಿ ತಯಾರಾಗಲಿ ಅನ್ನೋದು ಅದರ ಉದ್ದೇಶ. ರಗಳೆ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? 2013ರಲ್ಲಿ ಅದೇ ಕೆಲಸಕ್ಕೆ ಹ್ಯೂಗೊ ಬಂತು. ಆಮೇಲೆ ಗ್ಯಾಟ್ಸ್‌ಬಿ, ಇಲೆವೆಂಟಿ, ಆಸ್ಟ್ರೊ. ನಮ್ಮ ಹುಡುಗ ಜೆಕಿಲ್ ಹಾಕಿದ, ಅದು ಓಡಲು ಬೇಕಾದ ರೂಬಿ ಭಾಷೆಯ ಆವೃತ್ತಿ ಹೊಂದಲಿಲ್ಲ. ಹ್ಯೂಗೊಗೆ ಹಾರಿದ. ಅದು ಸಾವಿರಾರು ಪುಟಗಳನ್ನು ಕೆಲವೇ ಸೆಕೆಂಡಿನಲ್ಲಿ ಕಟ್ಟಿ ಬಿಸಾಕುತ್ತದೆ. ಇವನ ಹತ್ತಿರ ಇದ್ದದ್ದು 'ನನ್ನ ಬಗ್ಗೆ' ಅನ್ನೋ ಒಂದು ಪುಟ. ಅದರಲ್ಲೂ 'ಕಮಿಂಗ್ ಸೂನ್' ಅಂತಿತ್ತು.

ಮುಂದಿನ ಘಟ್ಟ ಡಾರ್ಕ್ ಮೋಡ್. ಪುಟದ ಮೂಲೆಯಲ್ಲಿ ಒಂದು ಚಂದ್ರ. ಒತ್ತಿದರೆ ಪುಟ ಕಪ್ಪಾಗುತ್ತದೆ, ಚಂದ್ರ ಹೋಗಿ ಸೂರ್ಯ ಬರುತ್ತಾನೆ. ಆ ಚಂದ್ರ ಸೂರ್ಯನಿಗಿಂತ ಎರಡು ಪಿಕ್ಸೆಲ್ ಎಡಕ್ಕಿದ್ದಾನೆ ಅಂತ ಹುಡುಗ ನಡುರಾತ್ರಿವರೆಗೆ ಕೂತ. ಮಳೆ ಜೋರಾಗಿ ಕರೆಂಟ್ ಹೋಯಿತು. ಇಡೀ ಬೀದಿಗೇ ಡಾರ್ಕ್ ಮೋಡ್. ಓದುಗರ ಲೆಕ್ಕ ಇಡೋ ಪಟ್ಟಿಯನ್ನೂ ಹಾಕಿದ್ದ. ಬಂದವರು ನಾಲ್ವರು: ಅವನ ಫೋನು, ಅವನ ಲ್ಯಾಪ್‌ಟಾಪು, ನಾನು, ಮತ್ತೆ ಗೂಗಲ್ ಕಳಿಸಿದ ಒಂದು ಯಂತ್ರ. ಪೂರ್ತಿ ಓದಿದ್ದು ಆ ಯಂತ್ರ ಮಾತ್ರ ಅನ್ನೋದು ನನ್ನ ಗುಮಾನಿ.

ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆಯೋದು ಕಂಡು ಹೊರಗಿನವರು ಬೆರಗಾಗುತ್ತಾರೆ. ಡೆವಲಪರ್‌ಗಳ ಬ್ಲಾಗ್ ನೋಡಿದವರು ಬೆರಗಾಗಲ್ಲ. ಅಲ್ಲೂ ಬಾಗಿಲು ವರ್ಷಕ್ಕೊಮ್ಮೆಯೇ. 'ಬರೆದು ತುಂಬಾ ದಿನ ಆಯ್ತು, ಕ್ಷಮಿಸಿ, ಇನ್ಮೇಲೆ ತಪ್ಪದೆ ಬರೀತೀನಿ' ಅಂತ ಒಂದು ಪ್ಯಾರಾ ಬರುತ್ತದೆ. ಮತ್ತೆ ಮುಂದಿನ ದೀಪಾವಳಿವರೆಗೆ ಬೀಗ. ಯಾರ ಕ್ಷಮೆ ಕೇಳುತ್ತಾರೋ, ಯಾರು ಕಾಯುತ್ತಾ ಕೂತಿದ್ದರೋ! ತಾಯಿಯ ಗರ್ಭಗುಡಿಯಲ್ಲಿ ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆಗೆದಾಗಲೂ ಉರಿಯುತ್ತಿರುತ್ತದೆ ಅಂತ ನಮ್ಮ ಕಡೆ ನಂಬಿಕೆ. ಇಲ್ಲಿ ಪುಕ್ಕಟೆ ಸಿಗುವ ಸೆಕ್ಯೂರಿಟಿ ಸರ್ಟಿಫಿಕೇಟಿನ ಆಯಸ್ಸು ಸಾಮಾನ್ಯವಾಗಿ ಹೆಚ್ಚೆಂದರೆ 90 ದಿನ. ಅದು ಮುಗಿದ ಮೇಲೆ ಭಕ್ತರು ಬಂದರೆ 'ಈ ತಾಣ ಸುರಕ್ಷಿತವಲ್ಲ' ಅಂತ ಕೆಂಪು ಫಲಕ.

ಬರಹದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಲ್ಮಿಡಿ ಇರೋದು ನಮ್ಮ ಬೇಲೂರು ತಾಲೂಕಿನಲ್ಲಿ. ಸುಮಾರು ಕ್ರಿ.ಶ. 450ರ ಶಾಸನ, 16 ಸಾಲು. ಕನ್ನಡದ ಮೊದಲ ಶಾಸನ ಅಂತ ನಮಗೆಲ್ಲ ಶಾಲೆಯಲ್ಲಿ ಉರು ಹೊಡೆಸಿದ್ದು. ಅದಕ್ಕಿಂತ ಹಳೆಯದು ತಾಳಗುಂದದಲ್ಲಿ ಸಿಕ್ಕಿದೆ ಅಂತ ಈಚೆಗೆ ತಕರಾರಿದೆ, ಆ ಜಗಳವನ್ನು ಶಿವಮೊಗ್ಗದವರ ಜೊತೆ ಇನ್ನೊಂದು ದಿನ ಆಡೋಣ. ಹಲ್ಮಿಡಿಯಲ್ಲಿ ಬರೆಸಿದವನಿಗೆ ಹೇಳೋಕೆ ವಿಷಯ ಇತ್ತು. ಯುದ್ಧದಲ್ಲಿ ಶೌರ್ಯ ತೋರಿದವನಿಗೆ ಊರು ದತ್ತಿ ಕೊಟ್ಟಿದ್ದೇವೆ ಅಂದ, ಮುಗಿಸಿದ. ಕಲ್ಲಿಗೆ ಥೀಮ್ ಯಾವುದು ಅಂತ ತಿಂಗಳುಗಟ್ಟಲೆ ಹುಡುಕಲಿಲ್ಲ.

ಹಾಗಂತ ಆಗಿನವರಿಗೆ ಹೆಸರಿನ ಆಸೆ ಇರಲಿಲ್ಲ ಅಂತಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಗೆ ಹೋಗಿ ಮದನಿಕೆಯರ ಕಾಲಡಿ ನೋಡಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಟ್ಟು ಹೋಗಿದ್ದಾರೆ, ಊರು, ಬಿರುದು ಸಮೇತ. ಪ್ಲೇಸ್‌ಮೆಂಟ್ ತರಬೇತಿಯವರು ಇದಕ್ಕೇ ಪರ್ಸನಲ್ ಬ್ರ್ಯಾಂಡಿಂಗ್ ಅನ್ನೋದು, ಗಂಟೆಗಟ್ಟಲೆ ಪಿಪಿಟಿ ಹಾಕಿ ಕಲಿಸೋದು. ಆದರೆ ಆ ಅಪ್ಪ-ಮಗ ಮೊದಲು ಮದನಿಕೆಯನ್ನು ಕೆತ್ತಿದರು, ಆಮೇಲೆ ಹೆಸರನ್ನು. ಈ ಕ್ರಮ ಪಿಪಿಟಿಯಲ್ಲಿ ಬಿಟ್ಟುಹೋಗಿದೆ.

ಇನ್ನು ಲೇಖನಗಳು. ಕಾಲೇಜಿನ ಮಕ್ಕಳ ಬ್ಲಾಗುಗಳನ್ನು ಒಂದಿಷ್ಟು ತಿರುವಿದೆ. ಮೊದಲ ಲೇಖನ ಎಲ್ಲರದೂ ಒಂದೇ: ನಾನು ಈ ಬ್ಲಾಗನ್ನು ಹೇಗೆ ಕಟ್ಟಿದೆ. ಎರಡನೆಯದರಿಂದ ಚಾಟ್‌ಜಿಪಿಟಿಯ ಸಾಹಿತ್ಯ ಸೇವೆ ಶುರು. 'ಇನ್ ಟುಡೇಸ್ ಫಾಸ್ಟ್-ಪೇಸ್ಡ್ ಡಿಜಿಟಲ್ ವರ್ಲ್ಡ್' ಅಂತ ಏಳುತ್ತದೆ, 'ಇನ್ ಕನ್‌ಕ್ಲೂಷನ್' ಅಂತ ಮಲಗುತ್ತದೆ. ಸಂತೇಪೇಟೆಯ ಓಣಿಯಲ್ಲಿ ರೂಮು ಮಾಡಿಕೊಂಡು, ಮೆಸ್ಸಿನ ಮುದ್ದೆ ಉಂಡು, ಮೂರು ಜನ ಒಂದೇ ವೈಫೈ ಹಂಚಿಕೊಂಡ ಹುಡುಗ 'ಸಿಇಒಗಳು ತಿಳಿದಿರಬೇಕಾದ ಹತ್ತು ಸಂಗತಿ' ಬರೆದಿದ್ದಾನೆ. ಬರೆದದ್ದು ಯಂತ್ರ. ನಕಲು ಹೌದೋ ಅಲ್ಲವೋ ಅಂತ ನೋಡುವುದೂ ಯಂತ್ರ. ಆಮೇಲೆ ಕಂಪನಿಯಲ್ಲಿ ರೆಸ್ಯೂಮೆ ಸೋಸುವುದೂ ಯಂತ್ರ. ನಡುವೆ ಮೇಷ್ಟ್ರ ಸಹಿ ಒಂದು ಮನುಷ್ಯರದು.

ಆ ರೂಮಿನಲ್ಲೇ ಶಾಂತಿಗ್ರಾಮದ ಕಡೆಯ ಹುಡುಗನೊಬ್ಬ ಇದ್ದಾನೆ. ಮನೆಯಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ. ಅಂಗಮಾರಿ ಬಿದ್ದರೆ ಬೆಳೆ ಹೋಯಿತು, ಬೀಳದಿದ್ದರೆ ರೇಟು ಹೋಯಿತು, ನಿಮಗೆ ಗೊತ್ತಿರೋ ಕತೆಯೇ. ಈ ಹುಡುಗ ಸುಮ್ನೆ ಕೂರದೆ ಒಂದು ಪುಟ್ಟ ಪ್ರೋಗ್ರಾಂ ಬರೆದ. ಸರ್ಕಾರ ಮಾರುಕಟ್ಟೆ ಬೆಲೆ ಹಾಕುವ ಕೃಷಿ ಮಾರಾಟ ವಾಹಿನಿಯ ತಾಣದಿಂದ ಆಲೂಗಡ್ಡೆಯ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಹೋದ) ಬೆಲೆ ಎತ್ತಿ ಅಪ್ಪನ ಕೀಪ್ಯಾಡ್ ಫೋನಿಗೆ ದಿನಾ ಎಸ್‌ಎಂಎಸ್ ಕಳಿಸೋದು ಅದರ ಕೆಲಸ. ಭಾನುವಾರ ಮಾರುಕಟ್ಟೆಗೆ ರಜೆ, ತಾಣದಲ್ಲಿ ಬೆಲೆಯೇ ಇರಲಿಲ್ಲ. ಪ್ರೋಗ್ರಾಂ ಆ ಜಾಗಕ್ಕೆ ಸೊನ್ನೆ ಹಾಕಿ ಕಳಿಸಿತು. ಅಪ್ಪ ಗಾಬರಿಯಾಗಿ ಫೋನ್ ಮಾಡಿದರು: "ಏನ್ಲಾ ಇದು, ಕ್ವಿಂಟಾಲು ಸೊನ್ನೆ ರೂಪಾಯಿ ಅಂತ ಬಂದದೆ?" ಅವತ್ತು ಆ ಹುಡುಗನಿಗೆ 'ಬೆಲೆ ಗೊತ್ತಿಲ್ಲ' ಅನ್ನೋದೇ ಬೇರೆ, 'ಬೆಲೆ ಸೊನ್ನೆ' ಅನ್ನೋದೇ ಬೇರೆ ಅಂತ ಅರ್ಥವಾಯಿತು. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಎಷ್ಟೋ ಜನ ಇನ್ನೂ ಎಡವುತ್ತಿರೋದು ಇಲ್ಲೇ.

ಇದನ್ನು ಬರೆದುಕೊಂಡು ಹೋದನಂತೆ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. "ಆಲೂಗಡ್ಡೆ ಬೇಡಪ್ಪ, ಟ್ರೆಂಡಿಂಗ್ ಟಾಪಿಕ್ ತಗೋ. ಲ್ಯಾಂಗ್ವೇಜ್ ಪ್ರೊಫೆಷನಲ್ ಆಗಿರಲಿ" ಅಂದರು ಮೇಷ್ಟ್ರು. ಅವನು ಕ್ವಾಂಟಮ್ ಕಂಪ್ಯೂಟಿಂಗ್ ಬಗ್ಗೆ ಯಂತ್ರದ ಕೈಲಿ ಬರೆಸಿ ಹಾಕಿದ. ಪೂರ್ತಿ ಅಂಕ ಬಂತು.

ಇಷ್ಟು ಹೊತ್ತು ನಗಾಡಿದ್ದಾಯಿತು, ಇಲ್ಲಿ ಮಾತ್ರ ನನಗೆ ನಗು ಬರಲ್ಲ. ಬೆಳೆಸಾಲದ ಪಕ್ಕದಲ್ಲಿ ಫೀಸಿನ ಸಾಲ ಇಟ್ಟುಕೊಂಡ ಮನೆಯ ಹುಡುಗ ತನಗೆ ನಿಜವಾಗಿ ಗೊತ್ತಿರೋ ಒಂದು ವಿಷಯ ಹೇಳಿದ, ಬೇಡ ಅಂದರು. ಗೊತ್ತಿಲ್ಲದ್ದನ್ನು ಗೊತ್ತಿರೋ ಹಾಗೆ ಹೇಳಿದ, ಭೇಷ್ ಅಂದರು. ನಾಳೆ ಕೆಲಸ ಸಿಗದಿದ್ದರೆ ಪಾಠ ಮಾಡದ ಕಾಲೇಜನ್ನಾಗಲಿ, ಆಳು ತೆಗೆದುಕೊಳ್ಳದ ಕಂಪನಿಯನ್ನಾಗಲಿ ಯಾರೂ ಕೇಳಲ್ಲ. ನಿನ್ನ ಬ್ಲಾಗ್ ಅಪ್‌ಡೇಟ್ ಆಗಿಲ್ಲವಲ್ಲಪ್ಪ ಅಂತ ಅವನನ್ನೇ ಕೇಳುತ್ತಾರೆ. ಸಾಕಾಗಿದೆ.

ಹೋದ ವಾರ ಕಂಪನಿಯೊಂದು ಕ್ಯಾಂಪಸ್‌ಗೆ ಬಂತು. ಸಂದರ್ಶನ ಮಾಡಿದವರ ಕೈಲಿ ರೆಸ್ಯೂಮೆಯ ಪ್ರಿಂಟ್ ಔಟ್. ಬ್ಲಾಗಿನ ಲಿಂಕು ನೀಲಿ ಬಣ್ಣದಲ್ಲಿ, ಅಡಿಗೆರೆ ಸಮೇತ ಮುದ್ದಾಗಿ ಬಂದಿತ್ತಂತೆ. ಕಾಗದದ ಮೇಲೆ ಎಷ್ಟು ಒತ್ತಿದರೂ ಅದು ತೆರೆಯಲ್ಲ, ಅವರೂ ಒತ್ತಲಿಲ್ಲ. "ಲಿಂಕ್ಡ್ ಲಿಸ್ಟ್ ರಿವರ್ಸ್ ಮಾಡಿ" ಅಂದರಂತೆ. ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿಯನ್ನು ತಿರುವುಮುರುವು ಮಾಡೋ ಮಾಮೂಲಿ ಪ್ರಶ್ನೆ. ನಮ್ಮವನೂ ಮಾಡಿದ, ಶಾಂತಿಗ್ರಾಮದವನೂ ಮಾಡಿದ. ಆಮೇಲೆ ಇಬ್ಬರಿಗೂ ಕೇಳಿದ್ದು ಒಂದೇ ಪ್ರಶ್ನೆ, ನೈಟ್ ಶಿಫ್ಟ್ ಆಗುತ್ತಾ ಅಂತ. ಇಬ್ಬರೂ ಹೂಂ ಅಂದು ಬಂದಿದ್ದಾರೆ.