ಮೊದಲ ಮ್ಯಾರಥಾನ್: ತಯಾರಿಯಲ್ಲಿ ವೇಗದ ಅಭ್ಯಾಸ ಬೇಕೇ?

ಪರ: ಒಂದೇ ಗೇರಿನ ಕಾಲುಗಳು

"ಮೊದಲ ಮ್ಯಾರಥಾನ್ ತಾನೇ, ಮುಗಿಸಿದರೆ ಸಾಕು." ಹೀಗೆ ಹೇಳಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ನಾನೂ ನಂಬಿದೆ. ಹದಿನೆಂಟು ವಾರ, ವಾರಕ್ಕೆ ನಾಲ್ಕು ದಿನ ಓಡಿದೆ. ನಾಲ್ಕೂ ದಿನ ಒಂದೇ ಗತಿ, ಕಿಲೋಮೀಟರಿಗೆ 8 ನಿಮಿಷ. ಉಸಿರು ಏರಬಾರದು, ಓಡುತ್ತಲೇ ಪಕ್ಕದವರ ಜೊತೆ ಮಾತನಾಡುವಂತಿರಬೇಕು ಎಂಬುದು ನಿಯಮ. ಮಾತನಾಡಿದೆವು. ಕೊನೆಯ ವಾರಗಳಲ್ಲಿ ಹೇಳುವುದಕ್ಕೆ ಏನೂ ಉಳಿಯದಷ್ಟು ಮಾತನಾಡಿದೆವು. ಹದಿನಾರನೆಯ ವಾರ ಕುತೂಹಲಕ್ಕೆಂದು 5 ಕಿಲೋಮೀಟರ್ ಜೋರಾಗಿ ಓಡಿ ನೋಡಿದೆ. ತಯಾರಿ ಶುರುಮಾಡುವ ಮೊದಲು ಹಿಡಿಯುತ್ತಿದ್ದುದಕ್ಕಿಂತ ಒಂದು ನಿಮಿಷ ಹೆಚ್ಚೇ ಹಿಡಿಯಿತು! ನಾಲ್ಕು ತಿಂಗಳು ಬೆವರು ಸುರಿಸಿ ನಾನು ಕಲಿತದ್ದು ನಿಧಾನವಾಗುವುದನ್ನು.

ಓಟದ ಗಡುವು 6 ಗಂಟೆ. ನನ್ನ ಗತಿಯ ಲೆಕ್ಕದಲ್ಲಿ 5 ಗಂಟೆ 38 ನಿಮಿಷಕ್ಕೆ ಮುಗಿಯಬೇಕಿತ್ತು. ತಯಾರಿಯಲ್ಲಿ ಓಡಿದ್ದ ಅತಿ ಹೆಚ್ಚಿನ ದೂರ 26 ಕಿಲೋಮೀಟರ್, ಅದಿರಲಿ. 31ರ ಹತ್ತಿರ ಕಾಲು ಮರದ ತುಂಡಾಯಿತು. ಸ್ವಲ್ಪ ನಡೆದು ಆಮೇಲೆ ಬೇಗ ಓಡಿ ಸರಿದೂಗಿಸೋಣವೆಂದರೆ ಬೇಗ ಓಡುವುದೆಂಬ ವಿದ್ಯೆಯೇ ದೇಹದಲ್ಲಿ ಇರಲಿಲ್ಲ. ನಡಿಗೆ ಇತ್ತು, ಕುಂಟೋಟ ಇತ್ತು, ಅವೆರಡರ ಆಚೆಗೆ ಏನೂ ಇರಲಿಲ್ಲ. 38ರಲ್ಲಿ ರಸ್ತೆಯನ್ನು ವಾಹನಗಳಿಗೆ ಬಿಟ್ಟುಕೊಟ್ಟರು, ನಾನು ಕಾಲುದಾರಿಗೆ ಹತ್ತಿದೆ. 6 ಗಂಟೆ 14 ನಿಮಿಷಕ್ಕೆ ಗುರಿ ತಲುಪಿದಾಗ ಮುಕ್ತಾಯದ ಕಮಾನನ್ನು ಬಿಚ್ಚಿ ಲಾರಿಗೆ ಹೇರುತ್ತಿದ್ದರು. ಪದಕಗಳ ಪೆಟ್ಟಿಗೆಯನ್ನು ಆಗಲೇ ಕಟ್ಟಿಬಿಟ್ಟಿದ್ದರು. ಒಬ್ಬ ಹುಡುಗ ಕನಿಕರದಿಂದ ಹಗ್ಗ ಬಿಚ್ಚಿ ಒಂದನ್ನು ತೆಗೆದುಕೊಟ್ಟ. ಕೊರಳಿಗೆ ಹಾಕಿಕೊಳ್ಳಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡೆ.

ಗತಿ ಏರುತ್ತ ಹೋದಂತೆ ಸ್ನಾಯುಗಳಲ್ಲಿ ಲ್ಯಾಕ್ಟೇಟ್ ಎಂಬ ವಸ್ತು ಹೆಚ್ಚು ಹೆಚ್ಚು ಹುಟ್ಟುತ್ತದೆ. ಒಂದು ಹಂತ ದಾಟಿದರೆ ದೇಹಕ್ಕೆ ಅದನ್ನು ಹುಟ್ಟಿದಷ್ಟೇ ಬೇಗ ಬಳಸಿಕೊಳ್ಳಲಾಗುವುದಿಲ್ಲ. ಆ ಹೊಸ್ತಿಲಿನ ಆಸುಪಾಸಿನಲ್ಲಿ, ಅಂದರೆ ಒಂದು ಚಿಕ್ಕ ವಾಕ್ಯ ಹೇಳಬಹುದು ಆದರೆ ಕಥೆ ಹೇಳಲಾಗದು ಎನ್ನುವ ಗತಿಯಲ್ಲಿ, ವಾರಕ್ಕೊಮ್ಮೆ 20 ನಿಮಿಷ ಓಡಿದರೆ ಹೊಸ್ತಿಲು ಮೇಲೆ ಸರಿಯುತ್ತದೆ. ಮೊದಲು ಏದುಸಿರು ತರುತ್ತಿದ್ದ ಗತಿ ಹಗುರವಾಗುತ್ತದೆ. ಟೆಂಪೊ ಓಟ ಎನ್ನುವುದು ಇದನ್ನೇ. ಕಿಲೋಮೀಟರಿಗೆ ಬರೀ 30 ಸೆಕೆಂಡು ಉಳಿಸಿದರೂ 42.195 ಕಿಲೋಮೀಟರಿನಲ್ಲಿ 21 ನಿಮಿಷ ಉಳಿಯುತ್ತದೆ. 21 ನಿಮಿಷ ಕಡಿಮೆ ಬಿಸಿಲು, 21 ನಿಮಿಷ ಕಡಿಮೆ ಹೆಜ್ಜೆಹೊಡೆತ. ವೇಗದ ಅಭ್ಯಾಸ ಗೆಲ್ಲುವವರಿಗೆ ಮಾತ್ರ ಎನ್ನುವವರು ಈ ಲೆಕ್ಕ ಹಾಕಿಲ್ಲ. ಗಡುವಿನ ಅಂಚಿನಲ್ಲಿ ಓಡುವವರಿಗೇ ಅದು ಹೆಚ್ಚು ಬೇಕು.

ಮೊದಲ ಮ್ಯಾರಥಾನಿನ ಮಾತು ಬಂದಾಗ ಎಮಿಲ್ ಜಾಟೊಪೆಕ್‌ನನ್ನು ಬಿಡಲಾಗುವುದಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 10,000 ಮತ್ತು 5,000 ಮೀಟರ್ ಗೆದ್ದ ಆ ಚೆಕ್ ಓಟಗಾರ ಮ್ಯಾರಥಾನಿಗೂ ಇಳಿದ. ಅದು ಅವನ ಜೀವನದ ಮೊದಲ ಮ್ಯಾರಥಾನ್. ಅದನ್ನೂ ಗೆದ್ದ. ಅವನ ಅಭ್ಯಾಸವೋ, 400 ಮೀಟರಿನ ಸುತ್ತನ್ನು ಜೋರಾಗಿ ಓಡುವುದು, ಸ್ವಲ್ಪ ಕುಲುಕೋಟ, ಮತ್ತೆ ಅದೇ ಸುತ್ತು, ಹತ್ತಾರು ಬಾರಿ.

ಗಾಯವಾಗುತ್ತದೆ ಎನ್ನುತ್ತಾರೆ. ಮಂಚದಿಂದ ಇಳಿಯುವಾಗಲೂ ಕಾಲು ಉಳುಕುತ್ತದೆ, ಹಾಗೆಂದು ಯಾರೂ ಮಂಚದಲ್ಲೇ ಉಳಿಯುವುದಿಲ್ಲ.

ಮರುವರ್ಷ ವಾರಕ್ಕೊಂದು ದಿನವನ್ನು ವೇಗಕ್ಕೆ ಎತ್ತಿಟ್ಟೆ. ಒಂದು ವಾರ ಟೆಂಪೊ, ಇನ್ನೊಂದು ವಾರ 800 ಮೀಟರಿನ ಐದಾರು ಸುತ್ತು. ಬೇಸರವಾದಾಗ ಫಾರ್ಟ್ಲೆಕ್: ಆ ಕಂಬದವರೆಗೆ ಜೋರು, ಮುಂದಿನ ಮರದವರೆಗೆ ಮೆಲ್ಲಗೆ. 1930ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಈ ಪದ್ಧತಿಯ ಹೆಸರಿಗೆ ಅಲ್ಲಿನ ಭಾಷೆಯಲ್ಲಿ ವೇಗದಾಟ ಎಂದೇ ಅರ್ಥ. ನಿಜಕ್ಕೂ ಆಟವೇ. ಎರಡನೆಯ ಮ್ಯಾರಥಾನ್ 5 ಗಂಟೆ 11 ನಿಮಿಷಕ್ಕೆ ಮುಗಿಯಿತು. ಕಮಾನು ಇನ್ನೂ ನಿಂತಿತ್ತು. ಅದರ ಕೆಳಗೆ ಸುಮ್ಮನೆ ಸ್ವಲ್ಪ ಹೊತ್ತು ನಿಂತೆ, ಹಿಂದೆ ಬರುವವರಿಗೆ ದಾರಿ ಬಿಡಿ ಎಂದು ಯಾರೋ ಗದರುವವರೆಗೆ.

ವಿರೋಧ: ಮೊದಲು ದೂರ

ಈ ಪಕ್ಷಕ್ಕೆ ಬರೆಯಲು ಬೇರೆ ಯಾರೂ ಸಿಗಲಿಲ್ಲವೆಂದು ನನ್ನನ್ನು ಕೇಳಿದರು. ಆರು ವರ್ಷಗಳಿಂದ ಪ್ರತಿ ಮಂಗಳವಾರ ಇಂಟರ್ವಲ್, ಅಂದರೆ ನಡುನಡುವೆ ಸುಧಾರಿಸಿಕೊಳ್ಳುತ್ತ ಜೋರಿನ ಸುತ್ತುಗಳನ್ನು, ಓಡುವವನು ನಾನು. ಆದರೂ ಒಪ್ಪಿಕೊಂಡೆ. ಏಕೆಂದರೆ ಪ್ರಶ್ನೆ ಇರುವುದು ಮೊದಲ ಮ್ಯಾರಥಾನ್ ಕುರಿತು, ಮತ್ತು ನನ್ನ ಮೊದಲನೆಯದಕ್ಕೆ ನಾನು ಇಂಟರ್ವಲ್ ಓಡಿರಲಿಲ್ಲ. (ಗೊತ್ತಿರಲಿಲ್ಲ, ಅದಕ್ಕೇ ಓಡಲಿಲ್ಲ ಎಂಬುದು ನಿಜ.)

ನನ್ನ ವಾದ ಒಂದೇ. ದೇಹದ ಎಲ್ಲ ಭಾಗಗಳೂ ಒಟ್ಟಿಗೆ ಹದಗೊಳ್ಳುವುದಿಲ್ಲ. ಹೊಸದಾಗಿ ಓಡಲು ತೊಡಗಿದವರ ಹೃದಯ ಮತ್ತು ಸ್ನಾಯು ಕೆಲವೇ ವಾರಗಳಲ್ಲಿ ಹುರುಪುಗೊಳ್ಳುತ್ತವೆ. ಸ್ನಾಯುರಜ್ಜು ಮತ್ತು ಮೂಳೆಗೆ ತಿಂಗಳುಗಳು ಬೇಕು. ಎಂಜಿನ್ ದೊಡ್ಡದಾಗಿದೆ, ಚಾಸಿ ಹಳೆಯದೇ ಇದೆ. ಎರಡನೆಯ ತಿಂಗಳಲ್ಲಿ "ನನಗೆ ಇನ್ನೂ ಶಕ್ತಿಯಿದೆ" ಎಂದು ಅನ್ನಿಸುವುದು ಇದರಿಂದಲೇ, ಮತ್ತು ಅದು ಅರ್ಧ ಸುಳ್ಳು. ಅದೇ ತಿಂಗಳಲ್ಲಿ ಉದ್ದದ ಓಟವೂ ವಾರವಾರ ಬೆಳೆಯುತ್ತಿರುತ್ತದೆ. ದೂರ ಮತ್ತು ವೇಗ ಎರಡನ್ನೂ ಒಟ್ಟಿಗೆ ಏರಿಸುವುದು ಕಾಲಿನ ಮೇಲೆ ಎರಡು ಸಾಲ ಮಾಡಿದಂತೆ.

ಇನ್ನು 30 ಕಿಲೋಮೀಟರಿನ ನಂತರದ ಗೋಡೆ, ಅಂದರೆ ಕಾಲು ಇದ್ದಕ್ಕಿದ್ದಂತೆ ಸೋತುಬಿಡುವ ಆ ಹಂತ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಬಹಳ ಮಂದಿಗೆ ಅಲ್ಲಿಗೇ ಬರಿದಾಗುತ್ತ ಬರುತ್ತದೆ. ಅದನ್ನು ಕಾಪಾಡಿಕೊಂಡು ಕೊಬ್ಬನ್ನು ಹೆಚ್ಚು ಉರಿಸಲು ಕಲಿಸುವುದು ತಾಸುಗಟ್ಟಲೆಯ ನಿಧಾನ ಓಟ. ಮಂಗಳವಾರ ಸುತ್ತು ಹೊಡೆದು ಭಾನುವಾರ ಕಾಲು ಭಾರವೆಂದು 28ರ ಬದಲು 18ಕ್ಕೇ ಮನೆಗೆ ಮರಳಿದವರನ್ನು ಎಷ್ಟೋ ಕಂಡಿದ್ದೇನೆ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ 800 ಮೀಟರ್ ಓಟಗಾರನಾದ ಪೀಟರ್ ಸ್ನೆಲ್‌ನಿಂದಲೂ 22 ಮೈಲಿಯ ಗುಡ್ಡದ ದಾರಿ ಓಡಿಸುತ್ತಿದ್ದರು. 1960ರಲ್ಲಿ ರೋಮ್‌ನಲ್ಲಿ ಸ್ನೆಲ್ 800 ಮೀಟರಿನ ಚಿನ್ನ ಗೆದ್ದರು. ಆ ದೂರದ ತಳಪಾಯದ ಮೇಲೆ ಲಿಡಿಯಾರ್ಡ್ ಆಮೇಲೆ ವೇಗವನ್ನೂ ಕಟ್ಟಿಸುತ್ತಿದ್ದರು. ಅದನ್ನು ಒತ್ತಿ ಹೇಳುವುದು ಈ ಲೇಖನದಲ್ಲಿ ನನ್ನ ಕೆಲಸವಲ್ಲ.

ಎದುರಿನವರು ಜಾಟೊಪೆಕ್ ಹೆಸರು ತೆಗೆದೇ ತೆಗೆಯುತ್ತಾರೆಂದು ಬಲ್ಲೆ. ಹಿಂದಿನ ವಾರವಷ್ಟೇ ಎರಡು ಒಲಿಂಪಿಕ್ ಚಿನ್ನ ಗೆದ್ದವರು ಧಾರಾಳವಾಗಿ ಅವನ ಮಾದರಿ ಅನುಸರಿಸಲಿ. ನಿಧಾನ ಓಟದ ಕೊನೆಗೆ 20 ಸೆಕೆಂಡಿನಂತೆ ನಾಲ್ಕಾರು ಸಲ ಹಗುರವಾಗಿ ಚುರುಕು ಹೆಜ್ಜೆ ಹಾಕುವುದಕ್ಕೆ ನನ್ನ ಅಡ್ಡಿಯಿಲ್ಲ. ಅದನ್ನೂ ವೇಗದ ಅಭ್ಯಾಸವೆಂದು ಕರೆಯುವುದಾದರೆ ನಾನು ಅರ್ಧ ಸೋತೆ.

ನಮ್ಮ ಜೊತೆಗೆ ಓಡುತ್ತಿದ್ದ ಗೆಳೆಯನೊಬ್ಬ ಮೊದಲ ಮ್ಯಾರಥಾನಿಗೆ ಆರು ವಾರ ಇರುವಾಗ 800 ಮೀಟರಿನ ಎಂಟನೆಯ ಸುತ್ತಿನಲ್ಲಿ ಮೀನಖಂಡ ಹರಿದುಕೊಂಡ. ಏಳನೆಯದಕ್ಕೇ ಬಿಗಿತ ಗೊತ್ತಾಗಿತ್ತಂತೆ, ಅಭ್ಯಾಸದ ಹಾಳೆಯಲ್ಲಿ ಎಂಟು ಎಂದು ಬರೆದಿತ್ತಲ್ಲ ಎಂದ. ಓಟದ ದಿನ 36ನೆಯ ಕಿಲೋಮೀಟರಿನ ಬಳಿ ಕುರ್ಚಿ ಹಾಕಿಕೊಂಡು ನಮ್ಮೆಲ್ಲರ ಚೀಲ ಕಾಯುತ್ತ, ಬಂದವರಿಗೆಲ್ಲ ನೀರು ಕೊಡುತ್ತ ಕುಳಿತಿದ್ದ. ಅವನ 800 ಮೀಟರ್ ಕಾಲವನ್ನು ಮೀರಲು ನನಗೆ ಇಂದಿಗೂ ಆಗಿಲ್ಲ.