ಮಾರ್ಕ್ಸ್ ಕೇಳೋಕೆ ಬಂದಿಲ್ಲ ಸಾರ್

ಪದವಿ ಓದುವಾಗಲೇ ಸಂಶೋಧನೆಗೆ ಸೇರಿಸಿಕೊಳ್ಳಿ ಎಂದು ಪ್ರೊಫೆಸರ್‌ಗಳಿಗೆ ಹೋಗುವ ಮೇಲ್‌ಗಳಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ. ‘ನಿಮ್ಮ ಸಂಶೋಧನೆ ನನ್ನನ್ನು ತುಂಬಾ ಆಕರ್ಷಿಸಿದೆ.’ ಯಾವ ಸಂಶೋಧನೆ ಅಂತ ಮಾತ್ರ ಕೇಳಬಾರದು.

ನನ್ನ ಗೆಳೆಯನೊಬ್ಬ ಒಂದೇ ಮೇಲ್ ಬರೆದು, ಹೆಸರು ಮಾತ್ರ ಬದಲಾಯಿಸಿ ಕಂಡಕಂಡವರಿಗೆಲ್ಲ ಕಳಿಸಿದ. ಅಂಟಿಸಿದ ಹೆಸರು ದಪ್ಪ ಅಕ್ಷರದಲ್ಲಿ, ಉಳಿದದ್ದೆಲ್ಲ ಸಣ್ಣ ಅಕ್ಷರದಲ್ಲಿ. ಕಪ್ಪೆಗಳ ಬಗ್ಗೆ ಕೆಲಸ ಮಾಡುವ ಮೇಡಂಗೆ ‘ಚಿಕ್ಕಂದಿನಿಂದಲೂ ಕಾಂಕ್ರೀಟ್ ಅಂದರೆ ನನಗೆ ಪ್ರಾಣ’ ಎಂಬ ಪತ್ರ ಹೋಯಿತು. ಪಾಪ, ಅವರೊಬ್ಬರೇ ಉತ್ತರ ಬರೆದದ್ದು: ‘ಕಾಂಕ್ರೀಟ್ ಪಕ್ಕದ ಕಟ್ಟಡದಲ್ಲಿದೆ.’

ಉಳಿದವರು ಉತ್ತರಿಸಲಿಲ್ಲ ಎಂದು ಅವನಿಗೆ ಬೇಜಾರು. ಅವರ ಮೇಲ್‌ಬಾಕ್ಸ್ ತುಂಬಿ ತುಳುಕುತ್ತಿರುತ್ತದೆ, ವಾರ ಬಿಟ್ಟು ಒಮ್ಮೆ ನೆನಪಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಇವನು ಬೆಳಗ್ಗೆ ಕಳಿಸಿ ಸಂಜೆಯೇ ನೆನಪಿಸಿದ. ಈಗ ಅವನ ಹೆಸರು ಎಲ್ಲರಿಗೂ ಗೊತ್ತು, ಬೇರೆ ಕಾರಣಕ್ಕೆ.

ಖಗೋಳ ಭೌತವಿಜ್ಞಾನಿ ಎಸ್. ಚಂದ್ರಶೇಖರ್ ಮದ್ರಾಸಿನಲ್ಲಿ ಪದವಿ ಓದುತ್ತಿದ್ದಾಗ, 18ನೇ ವಯಸ್ಸಿನಲ್ಲಿ, ಕೇಂಬ್ರಿಡ್ಜ್‌ನ ಭೌತವಿಜ್ಞಾನಿ ರಾಲ್ಫ್ ಫೌಲರ್‌ಗೆ ಪತ್ರ ಬರೆದರು. ಫೌಲರ್ ಬರೆದದ್ದನ್ನು ನಿಜವಾಗಿಯೂ ಓದಿದ್ದರು. ಅವಕಾಶ ಕೊಡಿ ಅನ್ನಲಿಲ್ಲ, ತಮ್ಮದೇ ಲೇಖನ ಕಳಿಸಿದರು. 1929ರಲ್ಲಿ ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. 1983ರಲ್ಲಿ ನೊಬೆಲ್ ಬಂತು. ಈ ಕಥೆಯನ್ನು ಹೊಸಬರಿಗೆ ಹೇಳಲೇಬಾರದು, ಸುಮ್ನೆ ಹೆದರುತ್ತಾರೆ. ನಮ್ಮಂಥವರಿಗೆ ಅರ್ಥವಾಗದ ಒಂದು ಪ್ರಶ್ನೆ ಇದ್ದರೆ ಸಾಕು. ಅರ್ಥವಾಗದ್ದಕ್ಕೇನು ಬರವೇ?

ನನಗೆ ಪ್ರಶ್ನೆ ಸಿಕ್ಕಿದ್ದು ಕಾಯುವಾಗ. ಪ್ರೊಫೆಸರ್ ಒಳಗೆ ಫೋನಿನಲ್ಲಿದ್ದರು. ಕಿವಿಗೊಟ್ಟ ಹಾಗೆ ಕಾಣಬಾರದಲ್ಲ, ಗೋಡೆಯ ಮೇಲಿದ್ದ ಅವರ ಲ್ಯಾಬಿನ ಪೋಸ್ಟರನ್ನು ಓದುತ್ತಾ ನಿಂತೆ. ಫೋನು ಮುಗಿಯಲೇ ಇಲ್ಲ. ಕೊನೆಗೆ ಗ್ರಾಫಿನ ಚುಕ್ಕೆಗಳೆಲ್ಲ ಪರಿಚಯವಾದವು.

ಒಳಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, “ಮಾರ್ಕ್ಸ್ ಬದಲಾಯಿಸಲ್ಲ” ಎಂದರು.

“ಮಾರ್ಕ್ಸ್ ಅಲ್ಲ ಸಾರ್. ಹೊರಗಿನ ಪೋಸ್ಟರಲ್ಲಿ ಒಂದು ಚುಕ್ಕೆ ಮಾತ್ರ ಗೆರೆಯಿಂದ ಅಷ್ಟು ದೂರ ಯಾಕಿದೆ?”

ಅವರು ಕನ್ನಡಕ ತೆಗೆದರು. ಪಿಎಚ್‌ಡಿ ಮಾಡುತ್ತಿದ್ದ ಸೀನಿಯರನ್ನು ಕರೆಸಿದರು. ಇದು ಹೊಸ ವಿದ್ಯಮಾನವೇ ಇರಬಹುದು ಅಂತ ಇಬ್ಬರೂ ವಾದಕ್ಕಿಳಿದರು. ನಾನೊಬ್ಬ ಅಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ನೆನಪಾದ ಮೇಲೆ ಸೀನಿಯರ್ ಒಂದು ಎಕ್ಸೆಲ್ ಫೈಲ್ ಕೊಟ್ಟು, “ಅಳತೆ ಬರೆದ ನೋಟ್‌ಬುಕ್ ಅಲ್ಲಿದೆ. ಒಂದೊಂದೇ ಸಾಲು ಹೋಲಿಸಿ ನೋಡು” ಎಂದರು. ನನ್ನ ಸಂಶೋಧನೆ ಶುರುವಾಗಿದ್ದು ಹೀಗೆ. ಪ್ರಯೋಗಾಲಯ, ಬಿಳಿ ಕೋಟು ಎಲ್ಲ ಆಮೇಲಿನ ಮಾತು. ಮೊದಲು ಸಿಗುವುದು ಸಾಲುಗಳೇ, ಜಾಸ್ತಿ ಸಾಲುಗಳು.

ಹೊಸ ವಿದ್ಯಮಾನ ಕೊನೆಗೆ ಸಿಕ್ಕಿತು. 4.7 ಇರಬೇಕಾದಲ್ಲಿ 47 ಎಂದು ಟೈಪಾಗಿತ್ತು. ಪ್ರೊಫೆಸರ್‌ಗೆ ಬಹಳ ಖುಷಿಯಾಯಿತು, ನಾಳೆಯಿಂದ ದಿನಾ ಬಾ ಎಂದರು. ಟೈಪ್ ಮಾಡಿದ್ದ ಸೀನಿಯರ್ ಪಕ್ಕದಲ್ಲೇ ನಿಂತಿದ್ದರು. ನನಗೆ ಕೆಲಸ ಕಲಿಸುವ ಹೊಣೆಯನ್ನು ಅವರಿಗೇ ವಹಿಸಲಾಯಿತು.