ರಕ್ತ ತೆಳುವಾಗೋದಿಲ್ಲ ಕಣ್ರೀ

"ಸಿಸ್ಟರ್, ರಕ್ತ ತೆಳು ಮಾಡೋ ಇಂಜೆಕ್ಷನ್ ಇನ್ನೊಂದು ಹಾಕ್ಬಿಡಿ, ಬೆರಳು ಉಳೀಲಿ." ಪ್ಲಾಸ್ಟಿಕ್ ಸರ್ಜರಿ ವಾರ್ಡಿನ ರಾತ್ರಿ ಪಾಳಿಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಆ 'ತೆಳು' ಎಂಬ ಪದದ ಮೇಲೇ ಸಿಟ್ಟು. ಹಾಲಿಗೆ ನೀರು ಬೆರೆಸುವುದು ಬೇರೆ, ಹಾಲು ಹೆಪ್ಪಾಗದಂತೆ ನೋಡಿಕೊಳ್ಳುವುದು ಬೇರೆ. ಆ ಇಂಜೆಕ್ಷನ್ನು, ಅಂದರೆ ಹೆಪಾರಿನ್, ಮಾಡುವುದು ಎರಡನೆಯದನ್ನು. (ಹೆಸರಿನಲ್ಲೇ ಹೆಪ್ಪು ಇದೆಯಲ್ಲ ಅಂತ ಹೊಸದಾಗಿ ಬಂದ ಹುಡುಗಿಯೊಬ್ಬಳು ಖುಷಿಪಟ್ಟಿದ್ದಳು. ಅದು ಗ್ರೀಕ್ ಭಾಷೆಯ ಯಕೃತ್ತು! 1916ರಲ್ಲಿ ಬಾಲ್ಟಿಮೋರ್‌ನ ವೈದ್ಯಕೀಯ ವಿದ್ಯಾರ್ಥಿ ಜೇ ಮೆಕ್ಲೀನ್‌ಗೆ ನಾಯಿಯ ಯಕೃತ್ತಿನ ಸಾರದಲ್ಲಿ ಈ ಗುಣ ಕಂಡಿತ್ತು. ಈಗ ಬಹುಪಾಲು ಬರುವುದು ಹಂದಿಯ ಕರುಳಿನಿಂದ.)

ಹೋದ ಮಳೆಗಾಲದಲ್ಲಿ ಮಲೆನಾಡಿನ ಹುಡುಗನೊಬ್ಬ ಬಂದಿದ್ದ. ಮೇವು ಕತ್ತರಿಸುವ ಮಷೀನಿಗೆ ಸಿಕ್ಕಿ ತುಂಡಾದ ಹೆಬ್ಬೆರಳನ್ನು ಮತ್ತೆ ಜೋಡಿಸಿದ್ದರು. ಅಲ್ಲಿನ ರಕ್ತನಾಳ ಸುಮಾರು 1 ಮಿಲಿಮೀಟರ್ ದಪ್ಪ. ಅದನ್ನು ಮೈಕ್ರೋಸ್ಕೋಪಿನಡಿ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯಬೇಕು. ಸೂಜಿ ತೂರಿದಲ್ಲೆಲ್ಲ ನಾಳದ ಒಳಪದರ ಗಾಯವಾಗುತ್ತದೆ, ಪ್ಲೇಟ್‌ಲೆಟ್‌ಗಳು ಅಲ್ಲಿಗೇ ಬಂದು ಅಂಟುತ್ತವೆ, ಹೆಪ್ಪು ಕಟ್ಟಿ ನಾಳವೇ ಮುಚ್ಚಿಹೋಗಬಹುದು. ಆ ಪದರ ಮತ್ತೆ ಕೂಡಿಕೊಳ್ಳಲು ಹೆಚ್ಚುಕಡಿಮೆ ಒಂದು ವಾರ ಬೇಕು. ಮೊದಲ ಎರಡು ಮೂರು ದಿನ ಉಸಿರು ಬಿಗಿಹಿಡಿದ ಹಾಗೆಯೇ.

ಜಜ್ಜಿಹೋದ ನಾಳದ ತುದಿಯನ್ನು ಕತ್ತರಿಸಿ ತೆಗೆಯದೆ ಹೊಲಿದರೆ, ಎಳೆದು ಬಿಗಿಯಾಗಿ ಕೂಡಿಸಿದರೆ, ಬಾಟಲಿಗಟ್ಟಲೆ ಹೆಪಾರಿನ್ ಸುರಿದರೂ ಪ್ರಯೋಜನವಿಲ್ಲ. ಸರ್ಜನ್ನರ ಕೈ ಮೊದಲು, ಔಷಧ ಆಮೇಲೆ. ಒಬ್ಬ ಡಾಕ್ಟರು ಆಸ್ಪಿರಿನ್ ಸಾಕು ಅಂತಾರೆ, ಇನ್ನೊಬ್ಬರು ಹೆಪಾರಿನ್ ಡ್ರಿಪ್ ಹಾಕಿಸುತ್ತಾರೆ. ಒಂದು ಕಾಲಕ್ಕೆ ಇದೇ ಕೆಲಸಕ್ಕೆ ಡೆಕ್ಸ್‌ಟ್ರಾನ್ ಎಂಬ ಇನ್ನೊಂದು ಡ್ರಿಪ್ ಎಲ್ಲರ ಬಾಯಲ್ಲಿತ್ತು. ಶ್ವಾಸಕೋಶದಲ್ಲಿ ನೀರು ತುಂಬುವುದು, ಅಲರ್ಜಿ, ಹೀಗೆ ಒಂದೊಂದೇ ತೊಂದರೆ ಕಂಡು ಹಿಂದೆ ಸರಿಯಿತು. ಹೆಪಾರಿನ್ ಹೆಚ್ಚಾದರೂ ಕಷ್ಟವೇ. ಹೊಲಿಗೆಯ ಅಡಿಯಲ್ಲಿ ರಕ್ತ ಮಡುಗಟ್ಟಿ, ಕಷ್ಟಪಟ್ಟು ಹೊಲಿದ ನಾಳವನ್ನೇ ಅದುಮಿಬಿಡುತ್ತದೆ. ಇಂಜೆಕ್ಷನ್ನಿಗೆ ಪಟ್ಟು ಹಿಡಿಯುವ ಮನೆಯವರೇ ಪೇಷಂಟಿಗೆ ಕದ್ದು ಬೀಡಿ ತಂದುಕೊಡುತ್ತಾರೆ ಅನ್ನುವುದು ಬೇರೆ ಕಥೆ. ನಾಳ ಮುದುಡಿಕೊಳ್ಳುವುದಕ್ಕೆ ಅಷ್ಟು ಸಾಕು.

ಎರಡನೇ ರಾತ್ರಿ ಎರಡು ಗಂಟೆಗೆ ಉಗುರು ಒತ್ತಿ ನೋಡಿದೆ. ಬೆರಳು ಬಿಳಿಚಿಕೊಂಡರೆ ಒಳಗೆ ರಕ್ತ ಬರುತ್ತಿಲ್ಲ, ನೀಲಿಗಟ್ಟಿದರೆ ಹೊರಗೆ ಹೋಗುತ್ತಿಲ್ಲ. ಇದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಓಡಿಬಂದು ಉಗುರು ತೆಗೆದು, ಹೆಪಾರಿನ್‌ನಲ್ಲಿ ಅದ್ದಿದ ಹತ್ತಿ ಇಟ್ಟರು. ರಕ್ತ ತೊಟ್ಟಿಕ್ಕತೊಡಗಿತು. ಅವನ ತಾಯಿ ನನ್ನ ಕೈ ಹಿಡಿದು, "ರಕ್ತ ಹೋಗ್ತಾ ಇದೆ, ನೋಡ್ತಾ ನಿಂತಿದ್ದೀಯಲ್ಲೇ ಮಾರಾಯ್ತಿ!" ಅಂದರು.

ನಾನೂ ತೀರ್ಥಹಳ್ಳಿ ಕಡೆಯವಳೇ. "ಉಂಬಳ ಕಚ್ಚಿ ಬಿಟ್ಟ ಮೇಲೂ ರಕ್ತ ಒಸರ್ತಾನೇ ಇರಲ್ವಾ ಅಮ್ಮಾ? ಅದೇ ಥರ. ಕೆಟ್ಟ ರಕ್ತ ನಿಲ್ಲದೆ ಹೊರಗೆ ಹೋಗ್ಬೇಕು, ಹೊಸ ಸಿರೆ ಹುಟ್ಟೋವರೆಗೆ" ಅಂದೆ. ಸುಳ್ಳೇನಲ್ಲ. ಉಂಬಳದ ಸಂಬಂಧಿಯಾದ ಜಿಗಣೆಯ ಎಂಜಲಲ್ಲಿ ಹಿರುಡಿನ್ ಎಂಬ ಹೆಪ್ಪುರೋಧಕ ಇದೆ. 1985ರಲ್ಲಿ ಬಾಸ್ಟನ್ನಿನಲ್ಲಿ ಪುಟ್ಟ ಹುಡುಗನ ಮರುಜೋಡಿಸಿದ ಕಿವಿಯನ್ನು ಉಳಿಸಿದ್ದು ಜಿಗಣೆಗಳೇ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅವುಗಳಿಗೆ ವೈದ್ಯಕೀಯ ಸಾಧನವೆಂದೇ ಅನುಮತಿ ಕೊಟ್ಟಿತು.

ಆ ತಾಯಿ ಆಮೇಲೆ ಹತ್ತಿ ಒದ್ದೆಯಾದಾಗಲೆಲ್ಲ ನನಗಿಂತ ಮೊದಲೇ ಎದ್ದು ಕೂಗುತ್ತಿದ್ದರು. ಏಳನೇ ದಿನ ಬೆರಳ ತುದಿ ಒತ್ತಿ ಬಿಟ್ಟರೆ ಎರಡೇ ಸೆಕೆಂಡಿನಲ್ಲಿ ಕೆಂಪು ಮರಳಿತು. ಹೆಪಾರಿನ್ ಡ್ರಿಪ್ ತೆಗೆಯುತ್ತಿದ್ದೆ.

"ಇಂಜೆಕ್ಷನ್ ನಿಲ್ಲಿಸಿದ್ರಾ? ಮತ್ತೆ ರಕ್ತ ದಪ್ಪ ಆಗಲ್ವನೇ?" ಅಂದರು.